ಮುಂದಿನ ಚಕ್ರದ ಅವಸರ

ಮೇ 4, ಭಾನುವಾರ

ಬಲಗಾಲು ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್. ಎಡಗಾಲು ಇಪ್ಪತ್ತನಾಲ್ಕು. ಮೂರು ಸಲ ಅಳೆದೆ. ಮೂರನೆಯ ಸಲ ಎಡಗಾಲು ಇಪ್ಪತ್ತೈದು ಬಂತು, ಆದರೆ ಆಗ ಮಗಳು ಒದೆಯುತ್ತಿದ್ದಳು, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇವರಿಗೆ ಹೇಳಿದೆ. "ಅರ್ಧ ಸೆಂಟಿಮೀಟರ್ ತಾನೆ? ಬಲಗಾಲಿನ ಚಪ್ಪಲಿನ ಸ್ವಲ್ಪ ಸವೆಸಿ ಹಾಕ್ಸೋಣ ಬಿಡು" ಎಂದು ಹೊರಗೆ ಹೋದರು. ಇವರ ಮನಸ್ಸೆಲ್ಲ ಟ್ರ್ಯಾಕ್ಟರಿನ ಮೇಲೆ. ಅದರ ಹಿಂದಿನ ಎರಡು ಟೈರುಗಳ ಹಲ್ಲು ಪೂರ್ತಿ ಸವೆದು ಬೋಳಾಗಿವೆ. ಇನ್ನೇನು ಮಳೆ ಬೀಳುತ್ತದೆ, ನೆಲ ಮೆತ್ತಗಾದ ದಿನದಿಂದ ಸುತ್ತಲಿನವರ ಹೊಲ ಉಳುವುದಕ್ಕೆ ಇವರು ಮಾತು ಕೊಟ್ಟಾಗಿದೆ. ನಮ್ಮ ವರ್ಷದ ಸಂಪಾದನೆಯೆಲ್ಲ ಆ ಕೆಲವು ವಾರಗಳದ್ದೇ.

ಟ್ರ್ಯಾಕ್ಟರ್ ಬಗ್ಗೆ ನನಗೂ ಕಾಳಜಿಯಿದೆ, ಆದರೆ ಕಾರಣ ಬೇರೆ. ಮಗು ಅದರ ಶಬ್ದ ಕೇಳಿದರೆ ಮಾತ್ರ ಮಲಗುತ್ತಾಳೆ. ಜೋಗುಳ ಆಯಿತು, ತೂಗಿದ್ದಾಯಿತು, ಹೆಗಲ ಮೇಲೆ ಹಾಕಿಕೊಂಡು ಮನೆಯೆಲ್ಲ ಅಲೆದದ್ದಾಯಿತು. ಮನೆಯ ಹಿಂದಿನ ದಾರಿಯಲ್ಲಿ ಟ್ರ್ಯಾಕ್ಟರ್ ಗುಡುಗುಡು ಎಂದು ಹೋದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಇವರು ಅವಳನ್ನು ಮ್ಯಾನೇಜರ್ ಎಂದೇ ಕರೆಯುವುದು. ಕರೆದಾಗ ಎಲ್ಲರೂ ಓಡಬೇಕು, ಯಾಕೆ ಕರೆದಿರಿ ಎಂದು ಕೇಳುವ ಹಾಗಿಲ್ಲ. ವಯಸ್ಸು ನಾಲ್ಕು ತಿಂಗಳು.

ಅತ್ತೆ ಮಾತೆತ್ತಿದರೆ "ಕೊಡು ಇತ್ತ, ನೀನು ಸ್ವಲ್ಪ ಒರಗು" ಎನ್ನುತ್ತಾರೆ. ಕೊಡುವುದು ಹೇಗೆ? ಕೂತಲ್ಲೇ ತೂಕಡಿಸುತ್ತಾರೆ. ಖಾರ ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ತೊಳೆದ ಹಾಗಾಯಿತು ಎಂದುಕೊಳ್ಳುತ್ತಾರೆ. ಮೂರು ಮಕ್ಕಳನ್ನು ಬೆಳೆಸಿದ್ದಾರೆ, ನಿಜ. ಆದರೆ ಆ ಮೂವರಲ್ಲಿ ಒಬ್ಬರು ಇವರು. ದಿನಾ ಕಣ್ಣೆದುರಿಗೆ ನೋಡಿಕೊಂಡು ಹೇಗೆ ಧೈರ್ಯ ಬರಬೇಕು?

ಮೇ 6, ಮಂಗಳವಾರ

ಟೈರು ಬಂದವು. ಮೊದಲಿದ್ದ ಅಳತೆಯದಲ್ಲ, ದೊಡ್ಡವು. ಅಂಗಡಿಯಲ್ಲಿ ಆ ಅಳತೆಯದು ಇರಲಿಲ್ಲವಂತೆ, ಇವರೂ ಕೇಳಲಿಲ್ಲವಂತೆ. ಹಾಕಿಸಿಕೊಂಡೇ ಬಂದಿದ್ದಾರೆ. ಅಂಗಳದಲ್ಲಿ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು.

"ಹೆಂಗಿದೆ? ಎದೆ ಎತ್ತಿ ನಿಂತಿದೆ ನೋಡು."

ಎದೆ ಎತ್ತಿದ್ದು ಹಿಂದುಗಡೆ. ಮುಂದಿನವು ಹಳೆಯ ಟೈರುಗಳೇ. "ಇನ್ನೂ ಜೀವ ಇದೆ ಅದಕ್ಕೆ" ಎಂದರು. ಹಾಗಾಗಿ ಟ್ರ್ಯಾಕ್ಟರಿನ ಮೂತಿ ನೆಲದ ಕಡೆಗೆ ಬಾಗಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಏನೋ ಅದು, ಏನೋ ಬೀಳಿಸ್ಕೊಂಡು ಹುಡುಕ್ತಿರೋ ಹಾಗಿದೆಯಲ್ಲೋ."

"ಅಮ್ಮಾ, ದೊಡ್ಡ ಚಕ್ರ ಅಂದ್ರೆ ಜಾಸ್ತಿ ಹಿಡಿತ. ನಿನಗೆ ಗೊತ್ತಾಗಲ್ಲ."

"ನಿನಗೆ ಗೊತ್ತಾಗಿದ್ರೆ ಸಾಕಪ್ಪ."

ಶಬ್ದ ಕೇಳಿದ ಮಗು ಮಲಗಿಬಿಟ್ಟಿತ್ತು. ನನ್ನ ಪಾಲಿಗೆ ಆ ಟೈರು ಚೌಕಾಕಾರದ್ದಾದರೂ ಸರಿಯೇ.

ಮೇ 7, ಬುಧವಾರ

ಎಡಗಾಲು ಇಪ್ಪತ್ತಮೂರೂ ಮುಕ್ಕಾಲು. ಕುಗ್ಗುತ್ತಿದೆ.

ಮೇ 9, ಶುಕ್ರವಾರ

ಎಲ್ಲ ಹಾಳಾಯಿತು.

ನಿನ್ನೆ ಇವರು ನೇಗಿಲು ಕಟ್ಟಿ ಹೊಲದಲ್ಲಿ ನೋಡೋಣವೆಂದು ಹೋದರು. ಸುಮ್ಮನೆ ಓಡಿಸಿದರೆ ಏನೂ ಇಲ್ಲ. ಫೋರ್ ವೀಲಿನ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಹಾಗೆ ಮಾಡಿದರೆ ಮಾತ್ರ ಗಾಡಿ ಬಿಕ್ಕಳಿಸುತ್ತದಂತೆ. ಸ್ಟೀರಿಂಗ್ ತಿರುಗದು. ಒಳಗೆ ಎಲ್ಲೋ ಕಟಕಟ. ಬಂದು ನೋಡಿದರೆ ಮುಂದಿನ ಟೈರಿನ ಹಲ್ಲುಗಳು ರಬ್ಬರು ಉಜ್ಜಿದ ಹಾಗೆ ಒಂದೇ ಕಡೆಗೆ ಸವೆದಿವೆ.

ಮೆಕ್ಯಾನಿಕ್‌ಗೆ ಫೋನು ಮಾಡಿದರು. ಅವರನ್ನು ಎಲ್ಲರೂ 'ನಾಳೆ' ಎಂದೇ ಕರೆಯುತ್ತಾರೆ, ಏಕೆಂದರೆ ಯಾವತ್ತು ಕರೆದರೂ ನಾಳೆ ಬರುತ್ತೇನೆ ಎನ್ನುತ್ತಾರೆ. ಇವತ್ತು ಮಾತ್ರ ಕರೆದ ತಕ್ಷಣ ಬಂದರು. ಅದರಿಂದಲೇ ನನಗೆ ಭಯವಾಯಿತು.

ಗಾಡಿಯ ಕೆಳಗೆ ನುಸುಳಿ, ಅಲ್ಲಿ ಇಲ್ಲಿ ಬಡಿದು, ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತಾ, ಮನೆಯವರನ್ನು ಕೂರಿಸಿ ಹೇಳುವ ಡಾಕ್ಟರ ಹಾಗೆ ಹೇಳಿದರು: "ಗೇರ್ ಬಾಕ್ಸು. ಬಿಚ್ಚಬೇಕು."

"ಬಿಚ್ಚಿದ್ರೆ ಯಾವಾಗ ಮುಗಿಯುತ್ತೆ?" ಎಂದು ಇವರು.

"ಬಿಚ್ಚೋದು ಒಂದಿನ. ಮುಚ್ಚೋದು ಸಾಮಾನು ಸಿಕ್ಕಿದ ಮೇಲೆ. ಒಂದು ತಿಂಗಳು ಅಂದ್ಕೊಳಿ."

ಒಂದು ತಿಂಗಳಲ್ಲಿ ಉಳುಮೆಯೇ ಮುಗಿದಿರುತ್ತದೆ. ಮಾತು ಕೊಟ್ಟವರೆಲ್ಲ ಬೇರೆ ಟ್ರ್ಯಾಕ್ಟರ್ ಕರೆಸಿಕೊಂಡಿರುತ್ತಾರೆ, ಮುಂದಿನ ವರ್ಷಕ್ಕೂ ಅವರನ್ನೇ ಹಿಡಿದಿರುತ್ತಾರೆ. ಇವರ ಮುಖ ಬಾಡಿಹೋಯಿತು. ಮುಂದಿನ ಶನಿವಾರ ಮೆಕ್ಯಾನಿಕ್ ಸಲಕರಣೆ ತಂದು ಬಿಚ್ಚುತ್ತಾರಂತೆ. ಅಲ್ಲಿಯವರೆಗೆ ಗಾಡಿ ಅಲ್ಲಾಡಿಸಬಾರದು ಎಂದು ಕಟ್ಟಪ್ಪಣೆ.

ಗಾಡಿ ಅಲ್ಲಾಡದಿದ್ದರೆ ಶಬ್ದ ಇಲ್ಲ. ಶಬ್ದ ಇಲ್ಲದಿದ್ದರೆ ಮ್ಯಾನೇಜರ್‌ಗೆ ನಿದ್ದೆ ಇಲ್ಲ. ಮ್ಯಾನೇಜರ್‌ಗೆ ನಿದ್ದೆ ಇಲ್ಲದಿದ್ದರೆ.

ಇವರು ಬಾಗಿಲ ಹಿಂದೆ ನಿಂತು ಬಾಯಲ್ಲೇ ಗುಡುಗುಡು ಮಾಡಿ ನೋಡಿದರು. ಅವಳು ಅಳು ನಿಲ್ಲಿಸಿ ಕುತೂಹಲದಿಂದ ಕೇಳಿ, ಇದು ಅಸಲಿಯಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಶುರು ಮಾಡಿದಳು.

ಮೇ 10, ಶನಿವಾರ

ಕಾಲು ತೋರಿಸಲು ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆ. ಬರೆದಿಟ್ಟ ಅಳತೆಗಳನ್ನೆಲ್ಲ ಓದಿ ಹೇಳಿದೆ. ಡಾಕ್ಟರಮ್ಮ ಕನ್ನಡಕ ಕೆಳಗೆ ಜಾರಿಸಿ ನನ್ನನ್ನು ನೋಡಿದರು.

"ಯಾವ ಟೇಪಲ್ಲಿ ಅಳೆದ್ರಿ?"

"ಬಟ್ಟೆ ಹೊಲಿಯೋ ಟೇಪು."

"ಮಗು ಕಾಲು ಮಡಚುತ್ತಮ್ಮ. ಅದೇನು ಲಂಗದ ಬಟ್ಟೆನಾ, ಹಾಸಿ ಅಳೆಯೋಕೆ?" ಎರಡು ಕಾಲನ್ನೂ ಹಿಡಿದು, ಮಡಚಿ, ಮಂಡಿ ಜೋಡಿಸಿ ತೋರಿಸಿದರು. "ಸರಿಯಾಗಿದೆ. ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಕೇಳಿದ್ದು ಮಗುವಿನ ಬಗ್ಗೆ ಎಂದುಕೊಂಡು ಅದರ ಲೆಕ್ಕ ಪೂರ್ತಿ ಒಪ್ಪಿಸಿದೆ.

ಆಸ್ಪತ್ರೆಯಿಂದ ಇಳಿಜಾರಿನಲ್ಲಿ ತಳ್ಳುಗಾಡಿ ಇಳಿಸುತ್ತಿದ್ದೆ. ಮಗುವಿನ ತಳ್ಳುಗಾಡಿಗೂ ಮುಂದೆ ಸಣ್ಣ ಚಕ್ರ, ಹಿಂದೆ ದೊಡ್ಡದು. ಹಿಂದಿನದು ನಿಧಾನವಾಗಿ ಒಂದು ಸುತ್ತು ಸುತ್ತುವಷ್ಟರಲ್ಲಿ ಮುಂದಿನದು ಗಡಿಬಿಡಿಯಿಂದ ಒಂದೂವರೆ ಎರಡು ಸುತ್ತುತ್ತದೆ. ಯಾರ ಹಂಗೂ ಯಾರಿಗೂ ಇಲ್ಲ. ಆದರೆ ಫೋರ್ ವೀಲ್ ಹಾಕಿದ ಟ್ರ್ಯಾಕ್ಟರಿನ ಮುಂದಿನ ಚಕ್ರ ಎಷ್ಟು ಸುತ್ತಬೇಕೆಂದು ಹೇಳುವುದು ಗೇರು. ಹಿಂದಿನದು ಒಂದು ಸುತ್ತಿದರೆ ನೀನು ಇಷ್ಟೇ ಸುತ್ತಬೇಕು ಎಂದು ಅದರ ಹಲ್ಲುಗಳಲ್ಲೇ ಬರೆದಾಗಿದೆ. ಹಿಂದಿನ ಚಕ್ರ ಇದ್ದಕ್ಕಿದ್ದಂತೆ ದೊಡ್ಡದಾದರೆ ಗೇರಿಗೆ ಯಾರು ತಿಳಿಸಿದರು?

ಇಳಿಜಾರಿನ ನಡುವೆ ನಿಂತುಬಿಟ್ಟಿದ್ದೆ. ಹಿಂದೆ ಗಾಲಿಕುರ್ಚಿ ತಳ್ಳಿಕೊಂಡು ಬಂದವರು "ಅಮ್ಮಾ, ದಾರಿ" ಎಂದ ಮೇಲೆ ಎಚ್ಚರವಾಯಿತು.

ಮೇ 12, ಸೋಮವಾರ

ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕ ಇದ್ದರೆ ಗೇರಿನ ಲೆಕ್ಕ ಅದರಲ್ಲಿರುತ್ತಿತ್ತು. ಅಲ್ಲಾಡುವ ಬೀರುವಿನ ಕಾಲಿನ ಕೆಳಗೆ ಅತ್ತೆ ಅದನ್ನು ಇಟ್ಟಿದ್ದರು. ಗೆದ್ದಲು ಓದಿ ಮುಗಿಸಿದೆ.

ಮಗುವನ್ನು ಎದೆಗೆ ಒರಗಿಸಿಕೊಂಡು ಫೋನಿನಲ್ಲಿ ಹುಡುಕಿದೆ. ಹಿಂದೆ ಮಗುವಿನ ಕಾಲಿನ ಬಗ್ಗೆ ಹುಡುಕಿದಾಗ ರಾಶಿ ರೋಗಗಳು ಸಿಕ್ಕಿದ್ದವು. ಟ್ರ್ಯಾಕ್ಟರಿನ ಕಾಲಿನ ಬಗ್ಗೆ ಹುಡುಕಿದರೆ ಒಂದೇ ರೋಗ. ಎಷ್ಟು ನೆಮ್ಮದಿ.

ವಿಷಯ ಇಷ್ಟು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟಾಗ ಮುಂದಿನ ಟೈರು ಹಿಂದಿನದಕ್ಕಿಂತ ಒಂದು ಚೂರು ಹೆಚ್ಚು ದೂರ ಉರುಳಲು ನೋಡಬೇಕು. ಸರಿಸಮ ಅಲ್ಲ, ಒಂದು ಚೂರು ಹೆಚ್ಚು. ನೂರಕ್ಕೆ ಒಂದರಿಂದ ಐದರೊಳಗೆ. ಆಗ ಮುಂದಿನದು ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. ಮುಂದಿನದು ಹಿಂದೆ ಬಿದ್ದರೆ ಅದು ಎಳೆಯುವುದಿರಲಿ, ಬ್ರೇಕಾಗಿ ಕೂರುತ್ತದೆ. ಹಿಂದಿನದು ಅದನ್ನು ದಬ್ಬಬೇಕು. ಆಗ ಬಿಕ್ಕಳಿಕೆ, ಕಟಕಟ, ಉಜ್ಜಿದ ಹಲ್ಲು.

ಡಿಗ್ರಿಯಲ್ಲಿ ಗಣಿತ ಓದಿದ್ದಕ್ಕೆ ಇಷ್ಟು ದಿನ ಹಾಲಿನ ಪುಡಿಯ ಚಮಚ ಎಣಿಸುತ್ತಿದ್ದೆ.

ಟೇಪು ತೆಗೆದುಕೊಂಡು ಶೆಡ್ಡಿಗೆ ಹೋಗಿ ಮುಂದಿನ ಟೈರಿನ ಸುತ್ತಳತೆ ಹಿಡಿಯಲು ನೋಡಿದೆ. ಕೆಳಗಡೆ ಟೈರು ನೆಲಕ್ಕೆ ಅಂಟಿ ಚಪ್ಪಟೆಯಾಗಿ ಕೂತಿದೆ, ಟೇಪು ಹೋಗುವುದಾದರೂ ಎಲ್ಲಿ? ಇವರು ಬಂದು ನೋಡಿದರು.

"ಮಗು ಕಾಲು ಆಯ್ತು. ಈಗ ಇದಾ?"

"ರೀ, ಗೇರ್ ಬಾಕ್ಸಲ್ಲಿ ಏನೂ ಇಲ್ಲ. ನಿಮ್ಮ ದೊಡ್ಡ ಟೈರೇ ತೊಂದರೆ."

ಟೈರಿಗೆ ಬೈದರೆ ತಮ್ಮನ್ನೇ ಬೈದ ಹಾಗೆ ನೋಡಿದರು. ಒಳಗೆ ಹೋಗಿ ಊಟಕ್ಕೆ ಕೂತರು. ಉಪ್ಪು ಕೇಳಿದರು.

ಮೇ 14, ಬುಧವಾರ

ಇವತ್ತು ಪರೀಕ್ಷೆ ಮಾಡಿದೆವು. ಇವರು ಒಪ್ಪಿದ್ದು ನನ್ನ ಗಣಿತಕ್ಕಲ್ಲ. "ಒಂದು ಸಲ ಓಡಿಸೋ, ಮಗು ಆದ್ರೂ ಮಲಗ್ಲಿ" ಎಂದು ಅತ್ತೆ ಹೇಳಿದ್ದಕ್ಕೆ.

ಮನೆ ಪಕ್ಕದ ಉತ್ತ ಹೊಲಕ್ಕೆ ತೆಗೆದುಕೊಂಡು ಹೋದೆವು. ಗಟ್ಟಿ ನೆಲದಲ್ಲಿ ಮಾಡಿದರೆ ಗೇರಿಗೆ ಪೆಟ್ಟು, ಮೆತ್ತನೆ ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಸುಧಾರಿಸಿಕೊಳ್ಳುತ್ತದೆ. ಹಿಂದಿನ ಟೈರಿಗೊಂದು, ಮುಂದಿನದಕ್ಕೊಂದು ಸೀಮೆಸುಣ್ಣದ ಗುರುತು ಹಾಕಿದೆ. ಇವರು ನಿಧಾನಕ್ಕೆ ಓಡಿಸಬೇಕು. ಅತ್ತೆ ಹಿಂದಿನ ಚಕ್ರದ ಪಕ್ಕ ನಡೆಯುತ್ತಾ ಹತ್ತು ಸುತ್ತು ಎಣಿಸಿ ನಿಲ್ಲು ಎನ್ನಬೇಕು. ನಾನು ಮುಂದಿನ ಚಕ್ರದ ಪಕ್ಕ ನಡೆಯುತ್ತಾ ಅದು ಎಷ್ಟು ಸುತ್ತಿತು ನೋಡಬೇಕು. ಒಂದು ಸಲ ಫೋರ್ ವೀಲ್ ಬಿಟ್ಟು, ಒಂದು ಸಲ ಹಾಕಿ. ಬಿಟ್ಟಾಗ ಮುಂದಿನ ಚಕ್ರ ನೆಲ ಉರುಳಿಸಿದಷ್ಟು ಉರುಳುತ್ತದೆ, ಹಾಕಿದಾಗ ಗೇರು ಹೇಳಿದಷ್ಟು.

ಮಗುವನ್ನು ಎತ್ತಿಕೊಂಡೇ ನಡೆದೆ. ಗುರುತು ಮೇಲೆ ಬಂದಾಗಲೆಲ್ಲ ಲೆಕ್ಕಕ್ಕೆ ಅವಳ ಬೆನ್ನಿಗೆ ಒಂದು ತಟ್ಟು. ಅತ್ತೆ ಹತ್ತು ಎಂದು ಕೂಗಿ ನಿಲ್ಲಿಸಿದಾಗ ನನ್ನದು ಇಪ್ಪತ್ತಾರು ಆಗಿತ್ತು.

"ಇಪ್ಪತ್ತಾರಾ?" ಇವರು ಸೀಟಿನಿಂದ ಬಗ್ಗಿ ಕೇಳಿದರು. "ಹಾಗಾದ್ರೆ ಮುಂದಿನ ಚಕ್ರ ಈಗ ಪಕ್ಕದ ಊರಲ್ಲಿರಬೇಕಿತ್ತು."

ಮತ್ತೆ ಮಾಡಿದೆವು. ಇಪ್ಪತ್ತೊಂಬತ್ತು.

ಅತ್ತೆ ಹತ್ತಿರ ಬಂದರು. "ನೀನು ಎಣಿಸ್ತಿರೋದು ಚಕ್ರನ ಅಲ್ಲ ಕಣೇ, ತಟ್ಟಿದ್ದನ್ನ. ನಿನ್ನ ಕೈ ಅದರ ಪಾಡಿಗದು ತಟ್ತಾನೇ ಇದೆ. ಒಳಗೆ ಅಡುಗೆ ಮಾಡುವಾಗ ಒಲೆ ಕಟ್ಟೆನೂ ತಟ್ತಿರ್ತೀಯ. ಕೊಡು ಇತ್ತ."

ನಿಜ. ಈ ಕೈ ನಾಲ್ಕು ತಿಂಗಳಿನಿಂದ ನನ್ನ ಮಾತು ಕೇಳುತ್ತಿಲ್ಲ. ಅತ್ತೆ ಮಗುವನ್ನು ಸೊಂಟಕ್ಕೇರಿಸಿ "ಒಂದೂ... ಎರಡೂ..." ಎಂದು ರಾಗವಾಗಿ ಎಣಿಸುತ್ತಾ ನಡೆದರು. ನಾನು ಸೊಂಟ ಬಗ್ಗಿಸಿ ಗುರುತನ್ನೇ ನೋಡುತ್ತಾ ನಡೆದೆ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು.

ಬಿಟ್ಟಾಗ ಹದಿನಾಲ್ಕು. ಹಾಕಿದಾಗ ಹದಿಮೂರೂ ಮುಕ್ಕಾಲಿಗೆ ಒಂದು ಕೂದಲು ಕಡಿಮೆ. ಹೆಚ್ಚಾಗಬೇಕಾದ್ದು ಕಡಿಮೆಯಾಗಿತ್ತು. ಮತ್ತೆ ಮಾಡಿದೆವು. ಮತ್ತೆ ಅದೇ. ಹಳೆಯ ಅಳತೆಯ ಟೈರಿದ್ದಾಗ ಎಲ್ಲ ಸರಿಯಿತ್ತು. ಹಿಂದಿನದು ದೊಡ್ಡದಾಯಿತು, ಮುಂದಿನದು ಸವೆದು ಇನ್ನೂ ಸಣ್ಣದಾಗಿದೆ. ಪಾಪ, ಅದು ಎಷ್ಟು ಓಡಿದರೂ ತಲುಪುವುದಿಲ್ಲ.

ನನಗೆ ಎಷ್ಟು ಖುಷಿಯಾಯಿತೆಂದರೆ ಹೊಲದಲ್ಲೇ ಕೂತು ಗುಣಾಕಾರ ಭಾಗಾಕಾರ ಮಾಡಿದೆ. ತಲೆ ಎತ್ತಿದಾಗ ಅತ್ತೆ, ಮಗು ಇಬ್ಬರೂ ಕಾಣಲಿಲ್ಲ. ಮನೆಗೆ ಹೋಗಿದ್ದರಂತೆ. ಮಗು ಮಲಗಿತ್ತಂತೆ. ಅತ್ತೆಯೂ.

ಮೇ 15, ಗುರುವಾರ

ಇವರಿಗೆ ಅರ್ಥ ಮಾಡಿಸಿದೆ.

"ನೀವು ಉದ್ದ ಹೆಜ್ಜೆ ಹಾಕ್ತೀರ, ನಾನು ಸಣ್ಣ ಹೆಜ್ಜೆ. ನಾನು ಬೇಗ ಬೇಗ ಹಾಕಿದ್ರೆ ಜೊತೆಗೆ ಹೋಗಬಹುದು. ಈಗ ಇಬ್ಬರ ಕಾಲಿಗೂ ಹಗ್ಗ ಕಟ್ಟಿ, ನೀವು ಹತ್ತು ಹಾಕಿದಾಗ ನಾನು ಇಷ್ಟೇ ಹಾಕಬೇಕು ಅಂತ ಯಾರೋ ಗೊತ್ತು ಮಾಡಿದ್ದಾರೆ. ನೀವು ಇದ್ದಕ್ಕಿದ್ದ ಹಾಗೆ ಕಾಲು ಇನ್ನೂ ಉದ್ದ ಮಾಡ್ಕೊಂಡು ಬಂದ್ರೆ?"

"ಬೀಳ್ತೀಯ."

"ನಾನೊಬ್ಬಳೇ ಅಲ್ಲ."

ಶೆಡ್ಡಿನಲ್ಲಿದ್ದ ಗಾಡಿಯ ಕಡೆ ನೋಡಿದರು. "ಚೆನ್ನಾಗಿ ಕಾಣ್ತಿತ್ತು ಕಣೇ" ಎಂದರು, ಬಹಳ ಮೆಲ್ಲಗೆ. ಅಯ್ಯೋ ಅನ್ನಿಸಿತು. ಚೆನ್ನಾಗಿಯೇ ಕಾಣುತ್ತದೆ ಎಂದೆ.

ಮೇ 17, ಶನಿವಾರ

'ನಾಳೆ' ಎನ್ನುವ ಮೆಕ್ಯಾನಿಕ್ ಬೆಳಿಗ್ಗೆಯೇ ಪಾನಾ, ಜಾಕು, ಎಣ್ಣೆ ಡಬ್ಬ ಎಲ್ಲ ಹೇರಿಕೊಂಡು ಬಂದರು. ಗೇರ್ ಬಾಕ್ಸ್ ಬಿಚ್ಚುವುದು ಬೇಡ ಎಂದಾಗ ನನ್ನನ್ನು ಬಿಟ್ಟು ಇವರನ್ನು ನೋಡಿ ಮಾತಾಡಿದರು.

"ಟೈರ್ ದೊಡ್ಡದಾದ್ರೆ ಗಾಡಿ ಜೋರಾಗಿ ಹೋಗುತ್ತೆ, ಅಷ್ಟೇ. ಶಬ್ದ ಬಂದಿದ್ದು ಒಳಗಿಂದ. ನನ್ನ ಕಿವಿಲಿ ಕೇಳಿದೀನಿ."

"ಒಳಗಿಂದ ಯಾಕೆ ಬಂತು ಅಂತ ಒಂದು ಸಲ ನಡೆದು ನೋಡಿ" ಎಂದೆ.

"ನಡೆಯೋಕೆ ನಾನೇನು ಡಾಕ್ಟರ್ ಹೇಳಿರೋ ಪೇಷೆಂಟಾ?"

ಇವರು ಗಾಡಿ ಹತ್ತಿ ಸ್ಟಾರ್ಟ್ ಮಾಡಿದರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ, ಆದರೆ ಸ್ಟಾರ್ಟ್ ಮಾಡಿದರು. ಅತ್ತೆ ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದು ತಮ್ಮ ಜಾಗಕ್ಕೆ ಹೋಗಿ ನಿಂತರು. "ನೀನು ಮುಂದೆ ಹೋಗಪ್ಪ. ಹಿಂದಿನದು ನಂದು."

'ನಾಳೆ'ಯವರು ಮುಂದಿನ ಚಕ್ರದ ಪಕ್ಕ ನಡೆದರು. ಫೋರ್ ವೀಲ್ ಬಿಟ್ಟು, ಹದಿನಾಲ್ಕು. ಹಾಕಿ, ಹದಿಮೂರು ಚಿಲ್ಲರೆ. ಗುರುತು ಅಳಿಸಿ ತಾವೇ ಹೊಸದಾಗಿ ಬರೆದು ಇನ್ನೊಂದು ಸಲ ನಡೆದರು. ಉಜ್ಜಿದ ಹಲ್ಲಿನ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಗಾಡಿಯ ಮೂತಿಯನ್ನೇ ನೋಡುತ್ತಾ ನಿಂತರು.

"ಸರಿ" ಎಂದರು ಕೊನೆಗೆ. "ಟೈರ್ ಬದಲಾಯ್ಸಿ ನೋಡಿ. ಬಿಚ್ಚೋದು ಬೇಕಾದ್ರೆ ನಾಳೆ ನೋಡೋಣ."

ಅವರ ಬಾಯಿಂದ ಆ ಮಾತು ಕೇಳಿ ಇಷ್ಟು ಸಂತೋಷವಾದದ್ದು ಇದೇ ಮೊದಲು.

ಮೇ 19, ಸೋಮವಾರ

ಟೈರಿನ ಅಂಗಡಿಗೆ ನಾವಿಬ್ಬರೇ ಹೋದೆವು. ಓಡಿಸಿ ಮಣ್ಣಾದ ಹಿಂದಿನ ಟೈರನ್ನು ಅವರು ವಾಪಸು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮುಂದಿನವನ್ನೇ ಅದಕ್ಕೆ ತಕ್ಕ ಹಾಗೆ ದೊಡ್ಡದು ಮಾಡಬೇಕು. ಹೇಗೂ ಅವು ಮುಗಿದಿದ್ದವು.

ಅಂಗಡಿಯವರು ಟೈರುಗಳ ಗುಡ್ಡದ ನಡುವೆ ಸಣ್ಣ ಸ್ಟೂಲಿನ ಮೇಲೆ ಕೂತಿದ್ದರು. "ಹಿಂದಿನದಕ್ಕೆ ಸರಿಸಮ ಬರೋ ಹಾಗೆ ಕೊಡ್ತೀನಿ ಬಿಡಿ, ಏನೂ ಯೋಚನೆ ಮಾಡ್ಬೇಡಿ" ಎಂದರು.

"ಸರಿಸಮ ಬೇಡ" ಎಂದೆ. "ಒಂದು ಚೂರು ಮುಂದೆ ಹೋಗಬೇಕು."

"ಎಷ್ಟು ಚೂರು?"

"ನೂರಕ್ಕೆ ಮೂರು."

"ಮೇಡಂ, ಟೈರು ಅದು. ಚಿನ್ನ ಅಲ್ಲ."

ಆದರೂ ಎದ್ದರು. ಎರಡು ಅಳತೆ ಇದ್ದವು. ಒಂದೊಂದೂ ಒಂದು ಸುತ್ತಿಗೆ ಎಷ್ಟು ದೂರ ಉರುಳುತ್ತದೆಂದು ಕಂಪನಿಯ ಹಾಳೆ ನೋಡಿ ಹೇಳಿದರು. ಫೋನಿನಲ್ಲೇ ಲೆಕ್ಕ ಹಾಕಿದೆ. ಒಂದು ಏಳರ ಮೇಲೆ ಹೋಯಿತು, ಇನ್ನೊಂದು ಮೂರರ ಹತ್ತಿರ ಬಂತು. ಇವರ ಕೈ ಆಗಲೇ ದೊಡ್ಡದರ ಮೇಲಿತ್ತು.

"ರೀ."

"ಸುಮ್ನೆ ಮುಟ್ಟಿ ನೋಡ್ದೆ."

"ಅದು ಹಾಕಿದ್ರೆ ಮುಂದಿನದು ಹಿಂದಿನದನ್ನ ದರದರ ಎಳ್ಕೊಂಡು ಹೋಗುತ್ತೆ. ತಿರುಗಿಸಿದಾಗ ಮಡ್‌ಗಾರ್ಡಿಗೂ ತಾಗುತ್ತೆ."

ಕೈ ತೆಗೆದರು. ಅಂಗಡಿಯವರು ಇವರನ್ನು ನೋಡಿ, "ಹೋದ ಸಲ ಇವರನ್ನ ಯಾಕೆ ಕರ್ಕೊಂಡು ಬರಲಿಲ್ಲ?" ಎಂದು ಕೇಳಿದರು. "ಹೋದ ಸಲ ಮಗುನ ಬಿಟ್ಟು ಬರ್ತಿರಲಿಲ್ಲ" ಎಂದರು ಇವರು. ಏನೋ ಒಂದು ನೆಪ.

ಇಡೀ ಹೊತ್ತು ತೋಳು ಯಾಕೋ ಹಗುರ ಹಗುರ ಅನ್ನಿಸುತ್ತಿತ್ತು. ಬರುವಾಗ ಗೊತ್ತಾಯಿತು, ಚೀಲ ಅಂಗಡಿಯಲ್ಲೇ ಮರೆತಿದ್ದೆ.

ಮೇ 21, ಬುಧವಾರ

ಹಾಕಿಸಿಯಾಯಿತು. ಫೋರ್ ವೀಲ್ ಬಿಟ್ಟು ಹದಿಮೂರೂ ಕಾಲಿನ ಮೇಲೆ ಒಂದು ಚೂರು. ಹಾಕಿ ಹದಿಮೂರೂ ಮುಕ್ಕಾಲಿಗೆ ಕೂದಲು ಕಡಿಮೆ. ಮುಂದಿನದಕ್ಕೆ ಈಗ ಎಷ್ಟು ಬೇಕೋ ಅಷ್ಟೇ ಅವಸರ. ಕಟಕಟ ಇಲ್ಲ, ಬಿಕ್ಕಳಿಕೆ ಇಲ್ಲ. ಮೂತಿಯೂ ಮೇಲಕ್ಕೆದ್ದಿದೆ. "ಹುಡುಕ್ತಿದ್ದದ್ದು ಸಿಕ್ತು ಅಂತ ಕಾಣುತ್ತೆ" ಎಂದರು ಅತ್ತೆ.

ಇವರು ಅಂಗಳದಲ್ಲಿ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು. ನಂತರ ನನ್ನ ಕಡೆ ತಿರುಗಿ, "ನೀನು ಹಿಂದೆ ನಿಂತು ನೋಡು, ಇಲ್ಲಿಂದ ಚೆನ್ನಾಗಿ ಕಾಣುತ್ತೆ" ಎಂದು ಜಾಗ ಬಿಟ್ಟುಕೊಟ್ಟರು.

ಸಂಜೆ ಮಳೆ ಶುರುವಾಯಿತು.

ಮೇ 27, ಮಂಗಳವಾರ

ಕೆಲವು ದಿನ ಏನೂ ಬರೆದಿಲ್ಲ. ಏನಾಯಿತೆಂದು ನೆನಪು ಮಾಡಿಕೊಂಡರೆ ಬರುತ್ತಿಲ್ಲ. ಮಲಗಿದ್ದೆನೇನೋ.

ಟ್ರ್ಯಾಕ್ಟರ್ ಬೆಳಗಾದರೆ ಹೊರಡುತ್ತದೆ, ಕತ್ತಲಾದ ಮೇಲೆ ಬರುತ್ತದೆ. ಮಾತು ಕೊಟ್ಟ ಹೊಲಗಳಲ್ಲಿ ಅರ್ಧ ಮುಗಿದಿವೆ. ಮೆಕ್ಯಾನಿಕ್ ಈಗ ಬೇರೆಯವರ ಗಾಡಿಗೂ ಸೀಮೆಸುಣ್ಣದ ಗುರುತು ಹಾಕಿ ಪಕ್ಕದಲ್ಲಿ ನಡೆಯುತ್ತಾರಂತೆ. ಕೇಳಿದವರಿಗೆ, ಇದು ತಾವು ಮೊದಲಿನಿಂದಲೂ ಮಾಡುತ್ತಿದ್ದದ್ದೇ ಎಂದು ಹೇಳುತ್ತಾರಂತೆ.

ಮಗು ಮಗುಚಿಕೊಳ್ಳಲು ಕಲಿತಿದೆ. ಅತ್ತೆಯ ಕೋಣೆಯಲ್ಲಿ, ಮಧ್ಯಾಹ್ನ. ನಾನು ನೋಡಲಿಲ್ಲ, ಎದ್ದ ಮೇಲೆ ಅತ್ತೆ ಮಾಡಿಸಿ ತೋರಿಸಿದರು. ಬಲಗಾಲನ್ನೇ ಹೆಚ್ಚು ಒದ್ದು, ಎಡಕ್ಕೇ ಉರುಳಿ, ಚಾಪೆಯ ಮೇಲೆ ಗಡಿಯಾರದ ಮುಳ್ಳಿನ ಹಾಗೆ ಒಂದು ಸುತ್ತು ಬಂದು ಗೋಡೆಗೆ ತಲೆ ತಾಗಿಸಿಕೊಂಡು ನಕ್ಕಳು. ಎಡಕ್ಕೆ ಮಾತ್ರ ತಿರುಗುತ್ತಾಳೆ. ನಕ್ಕು ನಕ್ಕು ಸಾಕಾಯಿತು.

ಹಳೆಯ ಅಂಗಿಗಳೆಲ್ಲ ಬಿಗಿಯಾಗಿವೆ. ಅತ್ತೆ ಹೊಸದು ಹೊಲಿಯಲು ಬಟ್ಟೆ ಹಾಸಿಕೊಂಡು ಕೂತು ಟೇಪು ಕೇಳಿದರು. ಹುಡುಕಿದೆ, ಸಿಗಲಿಲ್ಲ. ಆಮೇಲೆ ನೆನಪಾಯಿತು, ಅದು ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿದೆ. ಟ್ರ್ಯಾಕ್ಟರ್ ಹೊಲದಲ್ಲಿದೆ.

"ಅಂದಾಜಲ್ಲೇ ಕತ್ತರಿಸಿ ಅತ್ತೆ" ಎಂದೆ. "ಅರ್ಧ ಸೆಂಟಿಮೀಟರ್ ಆಚೆ ಈಚೆ ಆದ್ರೆ ಏನಾಗುತ್ತೆ?"

ಅತ್ತೆ ಕತ್ತರಿ ಹಿಡಿದುಕೊಂಡು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಯಾಕೆಂದು ತಿಳಿಯಲಿಲ್ಲ. ಗ್ರೀಸು ಅಂಟಿತ್ತೇನೋ.